ಎಕ್ಸ್-ರೇ ತಂತ್ರಜ್ಞಾನದ ಶಿಕ್ಷಣ: ಸೇರುವವರೂ ನೇಮಿಸಿಕೊಳ್ಳುವವರೂ ತಿಳಿದಿರಬೇಕಾದ ಸಂಗತಿಗಳು

ಗಿರಿನಗರ, ಹೊಸಕೆರೆಹಳ್ಳಿ, ಕತ್ರಿಗುಪ್ಪೆ, ಬನಶಂಕರಿ, ಜಯನಗರ ಬಡಾವಣೆಗಳ ಮುಖ್ಯ ರಸ್ತೆಗಳಲ್ಲಿ ಔಷಧದ ಅಂಗಡಿ, ಬೇಕರಿ, ಬಟ್ಟೆ ಮಳಿಗೆಗಳ ಸಾಲಿನಲ್ಲಿಯೇ ರೋಗನಿದಾನ ಕೇಂದ್ರಗಳ ಫಲಕಗಳು ಕಾಣಸಿಗುತ್ತವೆ. ಎಕ್ಸ್-ರೇ, ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಮೂರೂ ಒಂದೇ ಸೂರಿನಡಿ ಎಂಬ ಈ ಉದ್ಯಮಕ್ಕೆ ವೈದ್ಯರಲ್ಲದವರೂ ಬಂಡವಾಳ ಹೂಡುತ್ತಾರೆ. ಇನ್ನೊಂದೆಡೆ, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮುಗಿಸಿದ ಮಕ್ಕಳಿಗೆ ಬೇಗನೆ ಸಂಪಾದನೆಯ ದಾರಿ ತೋರಬೇಕೆಂಬ ಕುಟುಂಬಗಳು ಎಕ್ಸ್-ರೇ ತಂತ್ರಜ್ಞರ ಕೋರ್ಸಿನತ್ತ ನೋಡುತ್ತವೆ. ಒಬ್ಬರಿಗೆ ಇದು ಬಂಡವಾಳದ ಪ್ರಶ್ನೆ, ಮತ್ತೊಬ್ಬರಿಗೆ ಮಗನ ಅಥವಾ ಮಗಳ ಭವಿಷ್ಯದ ಪ್ರಶ್ನೆ. ಆದರೆ ಇಬ್ಬರೂ ಕೇಳಿಕೊಳ್ಳಬೇಕಾದುದು ಒಂದನ್ನೇ: ಯಂತ್ರದ ಮುಂದೆ ನಿಲ್ಲುವ ವ್ಯಕ್ತಿ ಎಲ್ಲಿ, ಎಷ್ಟು ಕಾಲ, ಯಾರ ಕೈಕೆಳಗೆ ಕಲಿತಿರಬೇಕು?

ಎಕ್ಸ್-ರೇ ಯಂತ್ರವನ್ನು ಬ್ಯಾಂಕ್ ಸಾಲ ಪಡೆದು ಕೆಲವೇ ವಾರಗಳಲ್ಲಿ ತರಿಸಬಹುದು. ಅದನ್ನು ನಿಯಮಬದ್ಧವಾಗಿ ಚಲಾಯಿಸಬಲ್ಲ ತಂತ್ರಜ್ಞರು ಸಿದ್ಧರಾಗಲು ಎರಡರಿಂದ ನಾಲ್ಕು ವರ್ಷ ಬೇಕು. ಈ ಅಂತರವನ್ನು ಅರಿಯದೆ ಅವಸರಪಟ್ಟ ಮಾಲೀಕರು ಪರವಾನಗಿಯ ತೊಡಕಿಗೆ ಸಿಲುಕಬಹುದು. ಅವಸರಪಟ್ಟ ವಿದ್ಯಾರ್ಥಿಯ ಕೈಯಲ್ಲಿ ಎಲ್ಲಿಯೂ ನಡೆಯದ ಪ್ರಮಾಣಪತ್ರ ಉಳಿಯಬಹುದು.

ವೃತ್ತಿಯ ಸ್ವರೂಪ

ಜರ್ಮನಿಯ ವೂರ್ಟ್ಸ್‌ಬರ್ಗ್ ನಗರದಲ್ಲಿ ವಿಲ್ಹೆಲ್ಮ್ ಕಾನ್ರಾಡ್ ರಾಂಟ್ಜೆನ್ 1895ರ ನವೆಂಬರ್ 8ರಂದು ಕ್ಷ-ಕಿರಣಗಳನ್ನು ಕಂಡುಹಿಡಿದರು. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಆರಂಭದಲ್ಲಿ ವೈದ್ಯರೇ ಯಂತ್ರವನ್ನೂ ನಡೆಸುತ್ತಿದ್ದರು. ಕಾಲಕ್ರಮದಲ್ಲಿ ಕೆಲಸ ಇಬ್ಬಾಗವಾಯಿತು. ಚಿತ್ರವನ್ನು ಓದಿ ವರದಿ ಬರೆಯುವವರು ರೇಡಿಯಾಲಜಿಸ್ಟ್, ಅಂದರೆ ಎಂ.ಬಿ.ಬಿ.ಎಸ್. ನಂತರ ಸ್ನಾತಕೋತ್ತರ ಶಿಕ್ಷಣ ಪಡೆದ ವೈದ್ಯರು. ಆ ಚಿತ್ರವನ್ನು ತೆಗೆಯುವವರು ರೇಡಿಯೋಗ್ರಾಫರ್ ಅಥವಾ ಇಮೇಜಿಂಗ್ ತಂತ್ರಜ್ಞರು. ಈ ಎರಡನ್ನೂ ಒಂದೆಂದು ಭಾವಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು.

ತಂತ್ರಜ್ಞರ ಕೆಲಸ ಗುಂಡಿ ಒತ್ತುವುದಷ್ಟೇ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಎದೆಯ ಒಂದು ಸಾಧಾರಣ ಚಿತ್ರವನ್ನೇ ತೆಗೆದುಕೊಂಡರೆ, ರೋಗಿಯು ಎದೆಯನ್ನು ಫಲಕಕ್ಕೆ ಒತ್ತಿ ನಿಲ್ಲಬೇಕು. ಭುಜಗಳು ಮುಂದಕ್ಕೆ ತಿರುಗಿ ಹೆಗಲ ಮೂಳೆಯ ನೆರಳು ಶ್ವಾಸಕೋಶದ ಮೇಲೆ ಬೀಳದಂತಿರಬೇಕು. ಪೂರ್ತಿ ಉಸಿರು ಎಳೆದು ಹಿಡಿದ ಕ್ಷಣದಲ್ಲಿ ಕಿರಣ ಹಾಯಬೇಕು. ಹಿಂಬದಿಯಿಂದ ಕಿರಣ ಹಾಯಿಸಿದಾಗ ಹೃದಯದ ಗಾತ್ರ ಸರಿಯಾಗಿ ಕಾಣುತ್ತದೆ. ಹಾಸಿಗೆ ಹಿಡಿದ ರೋಗಿಗೆ ಮುಂಬದಿಯಿಂದ ತೆಗೆದರೆ ಅದೇ ಹೃದಯ ಹಿಗ್ಗಿದಂತೆ ತೋರುತ್ತದೆ. ಚಿತ್ರವನ್ನು ಹೇಗೆ ತೆಗೆಯಲಾಯಿತೆಂಬುದು ದಾಖಲಾಗದಿದ್ದರೆ ವರದಿಯೇ ದಾರಿ ತಪ್ಪಬಹುದು. ಮಗು, ವೃದ್ಧರು, ಅಪಘಾತದಲ್ಲಿ ಗಾಯಗೊಂಡವರು, ಗರ್ಭಿಣಿಯರು, ಇವರಲ್ಲಿ ಪ್ರತಿಯೊಬ್ಬರಿಗೂ ವಿಧಾನ ಬೇರೆ, ಎಚ್ಚರಿಕೆ ಬೇರೆ.

ಇದನ್ನು ವ್ಯಾಪಾರದ ಲೆಕ್ಕದಲ್ಲಿಯೂ ನೋಡಬಹುದು. ಒಂದು ಕೇಂದ್ರದಲ್ಲಿ ದಿನಕ್ಕೆ 40 ಚಿತ್ರಗಳಂತೆ ತಿಂಗಳಿಗೆ 26 ದಿನ ಕೆಲಸ ನಡೆಯುತ್ತದೆ ಎಂದಿಟ್ಟುಕೊಂಡರೆ ಒಟ್ಟು 1,040 ಚಿತ್ರಗಳಾಗುತ್ತವೆ. ಅವುಗಳಲ್ಲಿ ನೂರಕ್ಕೆ ಹತ್ತು ಕೆಟ್ಟು ಮತ್ತೆ ತೆಗೆಯಬೇಕಾಗಿ ಬಂದರೆ 104 ಚಿತ್ರಗಳು ವ್ಯರ್ಥ. ನುರಿತ ಕೈ ಅದನ್ನು ನೂರಕ್ಕೆ ನಾಲ್ಕಕ್ಕೆ ಇಳಿಸಿದರೆ ಸುಮಾರು 42 ಮಾತ್ರ. ಉಳಿದ 62 ಚಿತ್ರಗಳ ವೆಚ್ಚ, ಸಮಯ ಮತ್ತು ಯಂತ್ರದ ಟ್ಯೂಬಿನ ಸವೆತ ಉಳಿತಾಯವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, 62 ಬಾರಿ ರೋಗಿಗಳ ಮೈಗೆ ಅನಗತ್ಯ ವಿಕಿರಣ ಬೀಳುವುದು ತಪ್ಪುತ್ತದೆ.

ಸಮುದಾಯ ಕಾಲೇಜು ಮತ್ತು ನಮ್ಮ ಡಿಪ್ಲೊಮಾ

ಅಮೆರಿಕದಲ್ಲಿ ಈ ವೃತ್ತಿಗೆ ಸೇರುವವರಲ್ಲಿ ಅನೇಕರು ಓದುವುದು ಸಮುದಾಯ ಕಾಲೇಜುಗಳಲ್ಲಿ. ಊರಿನ ಸಮೀಪದಲ್ಲಿಯೇ ಕಡಿಮೆ ಶುಲ್ಕದಲ್ಲಿ ಎರಡು ವರ್ಷಗಳ ಅಸೋಸಿಯೇಟ್ ಪದವಿ ನೀಡುವ ಈ ಸಂಸ್ಥೆಗಳ ಪರಂಪರೆ ಇಲಿನಾಯ್ ರಾಜ್ಯದಲ್ಲಿ 1901ರಲ್ಲಿ ಆರಂಭವಾದ ಜೋಲಿಯೆಟ್ ಜೂನಿಯರ್ ಕಾಲೇಜಿನಿಂದ ಮೊದಲಾಗುತ್ತದೆ. ಕಾಲೇಜು ಸ್ಥಳೀಯ ಆಸ್ಪತ್ರೆಗಳೊಡನೆ ಒಪ್ಪಂದ ಮಾಡಿಕೊಂಡು, ವಿದ್ಯಾರ್ಥಿಗಳನ್ನು ವಾರದಲ್ಲಿ ಕೆಲವು ದಿನ ಅಲ್ಲಿಗೆ ಕಳುಹಿಸುತ್ತದೆ. ಸ್ಥಳೀಯ ಉದ್ಯೋಗದಾತರಿಗೆ ಎಂಥ ಕೆಲಸಗಾರರು ಬೇಕೋ ಅಂಥವರನ್ನು ಸ್ಥಳೀಯ ಕಾಲೇಜೇ ತಯಾರಿಸುವುದು ಇದರ ತಿರುಳು.

ಭಾರತದಲ್ಲಿ ಈ ಕಲ್ಪನೆ 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯದ ಸಮುದಾಯ ಕಾಲೇಜಿನೊಂದಿಗೆ ಬೇರೂರಿತು. ಆನಂತರ ವಿಶ್ವವಿದ್ಯಾಲಯ ಧನಸಹಾಯ ಆಯೋಗವೂ ಇಂಥ ಕಾಲೇಜುಗಳಿಗೆ ಯೋಜನೆ ರೂಪಿಸಿತು. ಆದರೆ ಕರ್ನಾಟಕದಲ್ಲಿ ಎಕ್ಸ್-ರೇ ತಂತ್ರಜ್ಞರನ್ನು ತಯಾರಿಸುವ ಹೊಣೆ ಆ ಹೆಸರಿನ ಸಂಸ್ಥೆಗಳಿಗಿಂತ ಹೆಚ್ಚಾಗಿ ಪ್ಯಾರಾಮೆಡಿಕಲ್ ಕಾಲೇಜುಗಳ ಮೇಲೆಯೇ ಬಿದ್ದಿದೆ. ಅಲ್ಪಾವಧಿ, ಉದ್ಯೋಗಮುಖಿ ಪಠ್ಯ, ಆಸ್ಪತ್ರೆಯೊಳಗಿನ ತರಬೇತಿ ಎಂಬ ಮೂರು ಲಕ್ಷಣಗಳಿಂದ ನೋಡಿದರೆ, ನಮ್ಮ ಪ್ಯಾರಾಮೆಡಿಕಲ್ ಡಿಪ್ಲೊಮಾವೇ ಇಲ್ಲಿನ ಸಮುದಾಯ ಕಾಲೇಜಿನ ಶಿಕ್ಷಣ ಎನ್ನಬಹುದು.

ರಾಜ್ಯದಲ್ಲಿರುವ ಎರಡು ದಾರಿಗಳು

ಮೊದಲನೆಯದು ಡಿಪ್ಲೊಮಾ. ರಾಜ್ಯದ ಪ್ಯಾರಾಮೆಡಿಕಲ್ ಮಂಡಳಿಯ ವ್ಯಾಪ್ತಿಯಲ್ಲಿ ಬೆಳೆದುಬಂದ ಈ ಕೋರ್ಸಿಗೆ ಹಿಂದೆ ಮೆಡಿಕಲ್ ಎಕ್ಸ್-ರೇ ಟೆಕ್ನಾಲಜಿ ಎಂಬ ಹೆಸರಿತ್ತು, ಸಿ.ಟಿ., ಎಂ.ಆರ್.ಐ. ಮುಂತಾದವು ಸೇರಿದಂತೆ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ಎಂಬ ಹೆಸರು ಬಳಕೆಗೆ ಬಂದಿತು. ವಿಜ್ಞಾನ ವಿಷಯದಲ್ಲಿ ಪಿಯುಸಿ ಮುಗಿಸಿದವರಿಗೆ ಎರಡು ವರ್ಷ, ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಮೂರು ವರ್ಷ ಎಂಬುದು ಈ ಡಿಪ್ಲೊಮಾದಲ್ಲಿ ನಡೆದುಬಂದ ಕ್ರಮ.

ಎರಡನೆಯದು ಪದವಿ. 1996ರಲ್ಲಿ ಸ್ಥಾಪಿತವಾದ, ಜಯನಗರದ 4ನೇ ಟಿ ಬ್ಲಾಕಿನಲ್ಲಿ ಕಚೇರಿ ಹೊಂದಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಇಮೇಜಿಂಗ್ ತಂತ್ರಜ್ಞಾನದಲ್ಲಿ ಬಿ.ಎಸ್‌ಸಿ. ನಡೆಸುತ್ತವೆ. ಮೂರು ವರ್ಷದ ಪಾಠ, ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷಗಳ ವ್ಯಾಸಂಗವಿದು. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ನೀಡುವ ರೇಡಿಯೋಥೆರಪಿ ತಂತ್ರಜ್ಞಾನ ಇದಕ್ಕಿಂತ ಭಿನ್ನವಾದ ಪ್ರತ್ಯೇಕ ವ್ಯಾಸಂಗ ಎಂಬುದನ್ನು ಪಾಲಕರು ಗಮನದಲ್ಲಿಡಬೇಕು. ಒಂದನ್ನು ಓದಿದವರು ಇನ್ನೊಂದರ ಹುದ್ದೆಗೆ ಅರ್ಹರಾಗುವುದಿಲ್ಲ.

ಈ ಎರಡು ದಾರಿಗಳ ನಡುವಿನ ಆಯ್ಕೆಯ ಮೇಲೆ 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗ ಕಾಯಿದೆಯು ಪರಿಣಾಮ ಬೀರಿದೆ. ಅಲ್ಲಿಯವರೆಗೆ ವೈದ್ಯರಿಗೂ ದಾದಿಯರಿಗೂ ಇದ್ದಂತೆ ಈ ವೃತ್ತಿಗೆ ದೇಶವ್ಯಾಪಿ ಕಾನೂನು ಇರಲಿಲ್ಲ. ಕಾಯಿದೆಯು ರೇಡಿಯಾಲಜಿ, ಇಮೇಜಿಂಗ್ ಮತ್ತು ಚಿಕಿತ್ಸಾ ತಂತ್ರಜ್ಞಾನದ ವೃತ್ತಿನಿರತರನ್ನು ಒಂದು ವರ್ಗವಾಗಿ ಗುರುತಿಸಿತು. ಕೇಂದ್ರದಲ್ಲಿ ಆಯೋಗ, ರಾಜ್ಯಗಳಲ್ಲಿ ಪರಿಷತ್ತು, ವೃತ್ತಿನಿರತರ ನೋಂದಣಿ ಪುಸ್ತಕ ಎಂಬ ವ್ಯವಸ್ಥೆಯನ್ನು ವಿಧಿಸಿತು. ಎರಡರಿಂದ ನಾಲ್ಕು ವರ್ಷಗಳ ಅವಧಿಯಲ್ಲಿ ಕನಿಷ್ಠ 2,000 ಗಂಟೆಗಳ ಡಿಪ್ಲೊಮಾ ಅಥವಾ ಪದವಿ ಶಿಕ್ಷಣ ಪಡೆದವರು ಕಾಯಿದೆಯ ಪ್ರಕಾರ ಸಹವರ್ತಿ ಆರೋಗ್ಯ ವೃತ್ತಿನಿರತರು. ಮೂರರಿಂದ ಆರು ವರ್ಷಗಳಲ್ಲಿ ಕನಿಷ್ಠ 3,600 ಗಂಟೆಗಳ ಪದವಿ ಶಿಕ್ಷಣ ಪಡೆದವರು ಆರೋಗ್ಯ ಸೇವಾ ವೃತ್ತಿನಿರತರು.

ಈ ಗಂಟೆಗಳ ಲೆಕ್ಕವೇ ಪಾಲಕರ ಕೈಯಲ್ಲಿರುವ ಒಳ್ಳೆಯ ಅಳತೆಗೋಲು. ಆರು ತಿಂಗಳಲ್ಲಿ ಎಕ್ಸ್-ರೇ ತಂತ್ರಜ್ಞರಾಗಬಹುದು ಎಂದು ಯಾವುದಾದರೂ ಜಾಹೀರಾತು ಹೇಳಿದರೆ, ಆ ಅವಧಿಯಲ್ಲಿ 2,000 ಗಂಟೆಗಳ ಎರಡು ವರ್ಷದ ಶಿಕ್ಷಣ ಅಡಗಲಾರದು ಎಂಬುದು ಲೆಕ್ಕ ಬಲ್ಲ ವ್ಯಾಪಾರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಎಸ್ಸೆಸ್ಸೆಲ್ಸಿಯ ನಂತರ ನೇರವಾಗಿ ಸೇರುವುದಕ್ಕಿಂತ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳೊಂದಿಗೆ ಪಿಯುಸಿ ಮುಗಿಸಿ ಸೇರುವುದೇ ಲೇಸು. ಮುಂದೆ ಪದವಿಗೆ ಹೋಗುವ ಬಾಗಿಲು ಆಗ ತೆರೆದಿರುತ್ತದೆ.

ಪಠ್ಯದಲ್ಲಿ ಏನಿದೆ

ಮೊದಲ ಹಂತದಲ್ಲಿ ಶರೀರರಚನೆ, ಶರೀರಕ್ರಿಯೆ ಮತ್ತು ವಿಕಿರಣದ ಭೌತಶಾಸ್ತ್ರ ಮುಖ್ಯವಾಗಿರುತ್ತವೆ. ದೇಹದ 206 ಮೂಳೆಗಳ ಹೆಸರು ಬಾಯಿಪಾಠ ಮಾಡಿದರೆ ಸಾಲದು. ಯಾವ ಕೋನದಲ್ಲಿ ಯಾವ ಮೂಳೆ ಮತ್ತೊಂದರ ಹಿಂದೆ ಮರೆಯಾಗುತ್ತದೆ ಎಂಬುದು ಕಣ್ಣಿಗೆ ಕಟ್ಟಿರಬೇಕು. ಕಿಲೋವೋಲ್ಟ್ ಹೆಚ್ಚಿಸಿದರೆ ಕಿರಣದ ಭೇದಕ ಶಕ್ತಿ ಹೆಚ್ಚುತ್ತದೆ. ಮಿಲಿಯಾಂಪಿಯರ್ ಹಾಗೂ ಸಮಯ ಹೆಚ್ಚಿಸಿದರೆ ಕಿರಣದ ಪ್ರಮಾಣ ಹೆಚ್ಚುತ್ತದೆ. ಮೂಳೆಗೆ, ಶ್ವಾಸಕೋಶಕ್ಕೆ, ದಪ್ಪ ದೇಹಕ್ಕೆ, ಎಳೆ ಮಗುವಿಗೆ ಈ ಹೊಂದಾಣಿಕೆ ಬೇರೆಬೇರೆ.

ನಂತರದ ಹಂತದಲ್ಲಿ ವಿಶೇಷ ಪರೀಕ್ಷೆಗಳು ಬರುತ್ತವೆ. ಬೇರಿಯಂ ಕುಡಿಸಿ ಅನ್ನನಾಳ, ಜಠರಗಳನ್ನು ನೋಡುವುದು, ರಕ್ತನಾಳದ ಮೂಲಕ ಅಯೋಡಿನ್ ಆಧಾರಿತ ದ್ರಾವಣ ನೀಡಿ ಮೂತ್ರಪಿಂಡಗಳ ಚಿತ್ರ ತೆಗೆಯುವುದು, ಸ್ತನದ ಮ್ಯಾಮೋಗ್ರಫಿ, ಸಿ.ಟಿ. ಮತ್ತು ಎಂ.ಆರ್.ಐ. ಇವುಗಳಲ್ಲಿ ಸೇರಿವೆ. ಆ ದ್ರಾವಣ ಕೆಲವರಿಗೆ ಒಗ್ಗದೆ ಹಠಾತ್ತಾಗಿ ಉಸಿರುಗಟ್ಟಬಹುದಾದ್ದರಿಂದ ತುರ್ತು ಶುಶ್ರೂಷೆಯೂ ಪಠ್ಯದ ಭಾಗ. ಎಂ.ಆರ್.ಐ. ಯಂತ್ರದಲ್ಲಿ ಕ್ಷ-ಕಿರಣವಿಲ್ಲ; ಅಲ್ಲಿರುವುದು ಪ್ರಬಲವಾದ ಆಯಸ್ಕಾಂತ. ಅದರ ಕೋಣೆಗೆ ಕಬ್ಬಿಣದ ಆಮ್ಲಜನಕ ಸಿಲಿಂಡರ್ ಒಯ್ದರೆ ಅದು ಗುಂಡಿನಂತೆ ಯಂತ್ರದೊಳಕ್ಕೆ ಹಾರಬಲ್ಲದು. ಹೃದಯದ ಪೇಸ್‌ಮೇಕರ್ ಇರುವವರನ್ನು ವಿಚಾರಿಸದೆ ಒಳಗೆ ಬಿಡುವಂತಿಲ್ಲ. ಹೀಗೆ ಒಂದೊಂದು ಯಂತ್ರಕ್ಕೂ ತನ್ನದೇ ಆದ ಅಪಾಯವಿದ್ದು, ವಿದ್ಯಾರ್ಥಿಯು ಅವೆಲ್ಲವನ್ನೂ ಅರಿತಿರಬೇಕಾಗುತ್ತದೆ.

ಆಸ್ಪತ್ರೆಯೇ ಪಾಠಶಾಲೆ

ಈ ಶಿಕ್ಷಣದಲ್ಲಿ ಕಾಲೇಜಿನ ಕಟ್ಟಡಕ್ಕಿಂತ ಅದರೊಡನೆ ಸೇರಿಕೊಂಡ ಆಸ್ಪತ್ರೆ ಮುಖ್ಯ. ದಿನಕ್ಕೆ ಹತ್ತು ರೋಗಿಗಳು ಬರುವ ಕಡೆ ಎರಡು ವರ್ಷ ಕಳೆದವರೂ, ನೂರಾರು ರೋಗಿಗಳು ಬರುವ ಕಡೆ ಎರಡು ವರ್ಷ ಕಳೆದವರೂ ಒಂದೇ ಬಗೆಯ ಪ್ರಮಾಣಪತ್ರ ಪಡೆಯುತ್ತಾರೆ. ಕೈಯ ಪಳಗಿಕೆ ಮಾತ್ರ ಒಂದೇ ಆಗಿರುವುದಿಲ್ಲ.

ಈ ವಿಷಯದಲ್ಲಿ ದಕ್ಷಿಣ ಬೆಂಗಳೂರಿಗೆ ಅನುಕೂಲ ಹೆಚ್ಚು. ಗಿರಿನಗರದಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ದೂರದಲ್ಲಿಯೇ ಬೆಂಗಳೂರು ವೈದ್ಯಕೀಯ ಕಾಲೇಜಿಗೆ ಸೇರಿದ ವಿಕ್ಟೋರಿಯಾ ಆಸ್ಪತ್ರೆ, ವಿಶ್ವೇಶ್ವರಪುರದ ಕಿಮ್ಸ್ ಆಸ್ಪತ್ರೆ, ಮೂಳೆ ಮತ್ತು ಅಪಘಾತ ಚಿಕಿತ್ಸೆಗೆ ಮೀಸಲಾದ ಸಂಜಯ ಗಾಂಧಿ ಸಂಸ್ಥೆ, ಹೃದ್ರೋಗದ ಜಯದೇವ ಸಂಸ್ಥೆ, ಕ್ಯಾನ್ಸರಿನ ಕಿದ್ವಾಯಿ ಸ್ಮಾರಕ ಸಂಸ್ಥೆ, ನರರೋಗಗಳ ನಿಮ್ಹಾನ್ಸ್ ಇವೆ. ಒಂದೊಂದೂ ಒಂದೊಂದು ಬಗೆಯ ರೋಗಿಗಳನ್ನು ಕಾಣುತ್ತದೆ. ಮೂಳೆ ಮುರಿತದ ಚಿತ್ರ ತೆಗೆಯುವ ಕೈಚಳಕ ಅಪಘಾತ ಚಿಕಿತ್ಸಾ ಕೇಂದ್ರದಲ್ಲಿ ಒದಗಿದಂತೆ ಬೇರೆಡೆ ಒದಗದು. ಹೃದಯದ ಕ್ಯಾತ್ ಲ್ಯಾಬ್ ಕೆಲಸ ಹೃದ್ರೋಗ ಆಸ್ಪತ್ರೆಯಲ್ಲಿ ಕಂಡಷ್ಟು ಬೇರೆಡೆ ಕಾಣದು. ಆದ್ದರಿಂದ ಸೇರುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಶುಲ್ಕ ಎಷ್ಟು ಎಂಬುದಲ್ಲ. ತರಬೇತಿ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ಯಾವ ಯಂತ್ರಗಳಿವೆ, ವಿದ್ಯಾರ್ಥಿಗೆ ವಾರಕ್ಕೆ ಎಷ್ಟು ಗಂಟೆ ಅವುಗಳ ಬಳಿ ನಿಲ್ಲಲು ಅವಕಾಶ ಎಂಬುದು.

ವಿಕಿರಣದ ಲೆಕ್ಕ

ಮಕ್ಕಳನ್ನು ಈ ಕೋರ್ಸಿಗೆ ಸೇರಿಸುವಾಗ ಮನೆಯ ಹಿರಿಯರಿಗೆ, ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ, ಆತಂಕವಾಗುವುದು ಸಹಜ. ಇದಕ್ಕೆ ಅಂಕಿಗಳ ಮೂಲಕವೇ ಉತ್ತರ ನೀಡಬೇಕಾಗುತ್ತದೆ. ವಿಕಿರಣದ ಪ್ರಭಾವವನ್ನು ಮಿಲಿಸೀವರ್ಟ್‌ಗಳಲ್ಲಿ ಅಳೆಯುತ್ತಾರೆ. ಮಣ್ಣು, ಗಾಳಿ, ಆಹಾರ, ಆಕಾಶಗಳಿಂದ ಪ್ರತಿ ಮನುಷ್ಯನಿಗೂ ವರ್ಷಕ್ಕೆ ವಿಶ್ವದ ಸರಾಸರಿಯಲ್ಲಿ ಸುಮಾರು 2.4 ಮಿಲಿಸೀವರ್ಟ್ ತಾನಾಗಿಯೇ ತಾಗುತ್ತದೆ. ಎದೆಯ ಒಂದು ಎಕ್ಸ್-ರೇಯಿಂದ ರೋಗಿಗೆ ತಾಗುವುದು 0.1 ಮಿಲಿಸೀವರ್ಟಿನಷ್ಟು ಅಥವಾ ಅದಕ್ಕೂ ಕಡಿಮೆ. ಎದೆಯ ಸಿ.ಟಿ.ಯಲ್ಲಿ ಅದು ಹಲವು ಮಿಲಿಸೀವರ್ಟ್‌ಗಳಿಗೆ ಏರುತ್ತದೆ.

ಭಾರತದಲ್ಲಿ ವಿಕಿರಣ ಕ್ಷೇತ್ರದ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮೀರಬಾರದೆಂಬ ಮಿತಿಯಿದೆ. ಸಾರ್ವಜನಿಕರಿಗೆ ಈ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. 18 ವರ್ಷ ತುಂಬದವರನ್ನು ವಿಕಿರಣದ ಕೆಲಸಕ್ಕೆ ನೇಮಿಸುವಂತಿಲ್ಲ. 16 ತುಂಬದವರನ್ನು ತರಬೇತಿಗೂ ತೆಗೆದುಕೊಳ್ಳುವಂತಿಲ್ಲ. ಮಹಿಳಾ ತಂತ್ರಜ್ಞರು ಗರ್ಭಿಣಿಯಾದುದು ತಿಳಿದೊಡನೆ ಸಂಸ್ಥೆಗೆ ತಿಳಿಸಬೇಕು. ಅಲ್ಲಿಂದ ಮುಂದೆ ಭ್ರೂಣಕ್ಕೆ 1 ಮಿಲಿಸೀವರ್ಟಿಗಿಂತ ಹೆಚ್ಚು ತಾಗದಂತೆ ಸಂಸ್ಥೆಯು ಅವರ ಕೆಲಸವನ್ನು ಹೊಂದಿಸಬೇಕು.

ಕೆಲಸಗಾರರಿಗೆ ಎಷ್ಟು ತಾಗಿದೆಯೆಂಬುದನ್ನು ಎದೆಯ ಮೇಲೆ ಧರಿಸುವ ಟಿ.ಎಲ್.ಡಿ. ಬ್ಯಾಡ್ಜ್ ದಾಖಲಿಸುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿ ಓದಿಸಲಾಗುತ್ತದೆ. ಸೀಸದ ಏಪ್ರನ್ ಧರಿಸಿದಾಗ ಬ್ಯಾಡ್ಜ್ ಅದರ ಒಳಗಿರಬೇಕು. ರಕ್ಷಣೆಯ ಸೂತ್ರಗಳು ಮೂರೇ: ಕಿರಣದ ಬಳಿ ಇರುವ ಸಮಯ ಕಡಿಮೆ ಮಾಡುವುದು, ದೂರ ಹೆಚ್ಚಿಸುವುದು, ನಡುವೆ ತಡೆ ಇಡುವುದು. ದೂರವನ್ನು ಎರಡು ಪಟ್ಟು ಮಾಡಿದರೆ ವಿಕಿರಣ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ವಿದ್ಯುತ್ ನಿಲ್ಲಿಸಿದ ಎಕ್ಸ್-ರೇ ಯಂತ್ರದಿಂದ ಯಾವ ವಿಕಿರಣವೂ ಹೊರಡುವುದಿಲ್ಲ. ನಿಯಮ ಪಾಲಿಸುವ ಸಂಸ್ಥೆಯಲ್ಲಿ ಈ ಕೆಲಸ ಸುರಕ್ಷಿತ. ಬ್ಯಾಡ್ಜ್ ಕೊಡದ, ರೋಗಿಯನ್ನು ಹಿಡಿದುಕೊಳ್ಳಲು ತಂತ್ರಜ್ಞರನ್ನೇ ಪದೇಪದೇ ಒಳಗೆ ನಿಲ್ಲಿಸುವ ಸಂಸ್ಥೆಯಲ್ಲಿ ಸುರಕ್ಷಿತವಲ್ಲ. ಮಗ ಅಥವಾ ಮಗಳು ತರಬೇತಿ ಪಡೆಯುವ ಕಡೆ ಬ್ಯಾಡ್ಜ್ ನೀಡಲಾಗಿದೆಯೇ ಎಂದು ವಿಚಾರಿಸುವ ಹಕ್ಕು ಪಾಲಕರಿಗಿದೆ.

ಮಾಲೀಕರ ಹೊಣೆ

ರೋಗನಿದಾನ ಕೇಂದ್ರ ತೆರೆಯುವ ಉದ್ಯಮಿಗೆ ಈ ಶಿಕ್ಷಣದ ವಿವರಗಳು ಏಕೆ ಬೇಕೆಂಬ ಪ್ರಶ್ನೆ ಏಳಬಹುದು. 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿಯಿಲ್ಲದೆ ಎಕ್ಸ್-ರೇ ಯಂತ್ರ ನಡೆಸುವಂತಿಲ್ಲ. 2004ರಲ್ಲಿ ಹೊರಬಂದ ವಿಕಿರಣ ರಕ್ಷಣಾ ನಿಯಮಗಳು ಮತ್ತು ಮಂಡಳಿಯ ಸುರಕ್ಷತಾ ಸಂಹಿತೆಗಳ ಪ್ರಕಾರ ಅರ್ಹ ತಂತ್ರಜ್ಞರನ್ನು ಇಡುವುದು, ಅವರಿಗೆ ಬ್ಯಾಡ್ಜ್ ಒದಗಿಸುವುದು, ವಿಕಿರಣ ಸುರಕ್ಷತಾ ಅಧಿಕಾರಿಯನ್ನು ನೇಮಿಸುವುದು, ಯಂತ್ರದ ಗುಣಮಟ್ಟವನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುವುದು ಪರವಾನಗಿದಾರರ ಹೊಣೆ. ಪರವಾನಗಿ ಯಾರ ಹೆಸರಿನಲ್ಲಿದೆಯೋ ಅವರೇ ಉತ್ತರಿಸಬೇಕಾಗುತ್ತದೆ. ತಪ್ಪು ತಂತ್ರಜ್ಞನದೆಂದು ನುಣುಚಿಕೊಳ್ಳಲು ಬರುವುದಿಲ್ಲ. ಅಂಗಡಿಗೆಂದು ಕಟ್ಟಿದ ಮಳಿಗೆಯನ್ನೇ ಎಕ್ಸ್-ರೇ ಕೋಣೆಯನ್ನಾಗಿ ಮಾಡಹೊರಟವರು ಗೋಡೆಯ ದಪ್ಪ, ಕೋಣೆಯ ವಿಸ್ತಾರಗಳಿಗೂ ಮಂಡಳಿಯ ಮಾನದಂಡವಿದೆಯೆಂಬುದನ್ನು ಬಾಡಿಗೆ ಕರಾರಿಗೆ ಮೊದಲೇ ಅರಿತಿರಬೇಕು.

ಇದರೊಂದಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ, 2007ರ ಅನ್ವಯ ಕೇಂದ್ರದ ನೋಂದಣಿಯೂ ಕಡ್ಡಾಯ. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಸೇರಿಸಬೇಕೆಂದರೆ ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಪಿ.ಸಿ.ಪಿ.ಎನ್.ಡಿ.ಟಿ. ಕಾಯಿದೆಯಡಿ ಪ್ರತ್ಯೇಕ ನೋಂದಣಿ ಬೇಕು. ಎಕ್ಸ್-ರೇ ತಂತ್ರಜ್ಞರು ಬಿಡುವಿನಲ್ಲಿದ್ದಾರೆಂದು ಅವರಿಂದ ಗರ್ಭಿಣಿಯರ ಸ್ಕ್ಯಾನಿಂಗ್ ಮಾಡಿಸುವಂತಿಲ್ಲ. ಅದು ಕಾಯಿದೆಯು ಹೇಳುವ ಅರ್ಹತೆಯುಳ್ಳ ವೈದ್ಯರ ಕೆಲಸ. ಈ ಕಾಯಿದೆಯ ಉಲ್ಲಂಘನೆಗೆ ಮೊದಲ ಬಾರಿಗೇ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಒಬ್ಬರ ಸಂಬಳದಲ್ಲಿ ಎರಡು ಕೆಲಸ ಮಾಡಿಸುವ ಉಳಿತಾಯದ ಯೋಚನೆ ಇಲ್ಲಿ ಸಲ್ಲದು.

ಕಾರ್ಖಾನೆಯ ರೇಡಿಯೋಗ್ರಫಿ ಬೇರೆ

ಎರಕದ ತುಂಡುಗಳಲ್ಲಿ, ಬೆಸುಗೆಯ ಜಾಗಗಳಲ್ಲಿ ಒಳಗಿನ ಬಿರುಕು, ಗಾಳಿಗುಳ್ಳೆಗಳನ್ನು ಹುಡುಕಲು ಕಾರ್ಖಾನೆಗಳೂ ರೇಡಿಯೋಗ್ರಫಿ ಮಾಡಿಸುತ್ತವೆ. ಹೆಸರು ಒಂದೇ ಆದರೂ ಆ ಕ್ಷೇತ್ರ ಬೇರೆ. ಅಲ್ಲಿ ಅನೇಕ ವೇಳೆ ಬಳಸುವುದು ಇರಿಡಿಯಂ-192ರಂಥ ವಿಕಿರಣ ಮೂಲಗಳನ್ನು. ಸುಮಾರು 74 ದಿನಗಳಿಗೊಮ್ಮೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆಯೇ ಹೊರತು ಅದನ್ನು ಯಾವ ಗುಂಡಿಯಿಂದಲೂ ನಿಲ್ಲಿಸಲಾಗದು. ಆ ಕೆಲಸಕ್ಕೆ ಪ್ರತ್ಯೇಕ ತರಬೇತಿ, ಪ್ರತ್ಯೇಕ ಪ್ರಮಾಣಪತ್ರ ಬೇಕು. ಆಸ್ಪತ್ರೆಯ ಡಿಪ್ಲೊಮಾ ಪಡೆದವರನ್ನು ಕಾರ್ಖಾನೆಯ ಈ ಕೆಲಸಕ್ಕೆ ಹಚ್ಚುವುದು ಅಪಾಯಕರ.

ಗುಜರಿ ವ್ಯಾಪಾರಿಗಳಿಗೂ ಇಲ್ಲೊಂದು ಪಾಠವಿದೆ. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಮಾರುಕಟ್ಟೆಗೆ ಹರಾಜಿನಲ್ಲಿ ಬಂದ ಹಳೆಯ ಉಪಕರಣವೊಂದರಲ್ಲಿ ಕೋಬಾಲ್ಟ್-60 ಇತ್ತು. ಅದನ್ನು ಬಿಚ್ಚಿದವರು ವಿಕಿರಣಕ್ಕೆ ತುತ್ತಾದರು, ಒಬ್ಬರು ಮೃತಪಟ್ಟರು. ಹಳೆಯ ವೈದ್ಯಕೀಯ ಅಥವಾ ಪ್ರಯೋಗಾಲಯದ ಉಪಕರಣಗಳನ್ನು ಕೊಳ್ಳುವ ಮುನ್ನ ಅವುಗಳ ಕಾಗದಪತ್ರ ಕೇಳುವುದು ಆ ವ್ಯಾಪಾರದಲ್ಲಿ ಜೀವರಕ್ಷಣೆಯ ಕ್ರಮವೇ ಆಗಿದೆ.

ಬದಲಾಗುತ್ತಿರುವ ಯಂತ್ರಗಳು

ಹಿಂದೆ ಎಕ್ಸ್-ರೇ ಎಂದರೆ ಡಾರ್ಕ್ ರೂಮ್, ಡೆವಲಪರ್, ಫಿಕ್ಸರ್. ಫಿಕ್ಸರ್ ದ್ರಾವಣದಿಂದಲೂ ಹಳೆಯ ಫಿಲ್ಮುಗಳಿಂದಲೂ ಬೆಳ್ಳಿ ತೆಗೆಯುವುದೇ ಒಂದು ಸಣ್ಣ ಉಪವ್ಯಾಪಾರವಾಗಿತ್ತು. ಗಣಕೀಕೃತ ಹಾಗೂ ಡಿಜಿಟಲ್ ರೇಡಿಯೋಗ್ರಫಿ ಬಂದಂತೆ ಡಾರ್ಕ್ ರೂಮುಗಳು ಮುಚ್ಚಿದವು. ಚಿತ್ರ ಕಂಪ್ಯೂಟರಿನಲ್ಲಿ ಮೂಡಿ, ದೂರದ ವೈದ್ಯರಿಗೆ ಕ್ಷಣದಲ್ಲಿ ತಲುಪುವಂತಾಯಿತು. ಈ ಸೌಲಭ್ಯವನ್ನು ಬಳಸಿಕೊಂಡು ಬೆಂಗಳೂರಿನಲ್ಲಿ 2002ರಲ್ಲಿ ಆರಂಭವಾದ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಸಂಸ್ಥೆಯು ಅಮೆರಿಕದ ಆಸ್ಪತ್ರೆಗಳ ರಾತ್ರಿಪಾಳಿಯ ಚಿತ್ರಗಳನ್ನು ಇಲ್ಲಿನ ಹಗಲಿನಲ್ಲಿ ಓದಿ ವರದಿ ಕಳುಹಿಸತೊಡಗಿತು.

ಇದರಿಂದ ತಿಳಿಯುವುದೇನೆಂದರೆ, ವರದಿ ಬರೆಯುವ ಕೆಲಸ ಸಾಗರ ದಾಟಬಲ್ಲದು, ಅದರಲ್ಲಿ ಕಂಪ್ಯೂಟರಿನ ನೆರವೂ ಹೆಚ್ಚುತ್ತಿದೆ. ಆದರೆ ನೋವಿನಿಂದ ನರಳುವ ರೋಗಿಯ ತೋಳನ್ನು ಮೆಲ್ಲನೆ ಸರಿಸಿ ಸರಿಯಾದ ಕೋನಕ್ಕೆ ತರುವ ಕೆಲಸ ರೋಗಿ ಇರುವಲ್ಲಿಯೇ ಆಗಬೇಕು. ಆದಕಾರಣ ಈ ವೃತ್ತಿಗೆ ಸ್ಥಳೀಯ ಬೇಡಿಕೆ ಉಳಿಯುವ ಸಂಭವ ಹೆಚ್ಚು. ಎಕ್ಸ್-ರೇ ಒಂದನ್ನೇ ಬಲ್ಲವರಿಗಿಂತ ಸಿ.ಟಿ., ಎಂ.ಆರ್.ಐ. ಹಾಗೂ ಚಿತ್ರಗಳ ಗಣಕ ವ್ಯವಸ್ಥೆಯನ್ನೂ ಬಲ್ಲವರಿಗೆ ಅವಕಾಶಗಳು ಹೆಚ್ಚು ಎಂಬುದನ್ನೂ ವಿದ್ಯಾರ್ಥಿಗಳು ಮರೆಯಬಾರದು.

ವಿದೇಶದ ಆಸೆ

ಅನೇಕ ಕುಟುಂಬಗಳ ಲೆಕ್ಕಾಚಾರದಲ್ಲಿ ವಿದೇಶದ ಉದ್ಯೋಗವೂ ಇರುತ್ತದೆ. ಅಮೆರಿಕದಲ್ಲಿ 1922ರಲ್ಲಿ ಸ್ಥಾಪಿತವಾದ ರೇಡಿಯಾಲಜಿಕ್ ತಂತ್ರಜ್ಞರ ನೋಂದಣಿ ಸಂಸ್ಥೆಯ ಪರೀಕ್ಷೆ ಬರೆಯಲು ಅದು ಮಾನ್ಯ ಮಾಡಿದ ಶಿಕ್ಷಣವೇ ಬೇಕು. 2015ರಿಂದ ಕನಿಷ್ಠ ಅಸೋಸಿಯೇಟ್ ಪದವಿ ಕಡ್ಡಾಯವಾಗಿದೆ. ಇಲ್ಲಿನ ಡಿಪ್ಲೊಮಾ ಅಲ್ಲಿ ನೇರವಾಗಿ ನಡೆಯುತ್ತದೆಂದು ಭಾವಿಸಬಾರದು. ಮದುವೆಯಾಗಿ ಅಲ್ಲಿ ನೆಲೆಸುವ ಕನ್ನಡದ ಹೆಣ್ಣುಮಕ್ಕಳು ಈ ವೃತ್ತಿಯನ್ನು ಬಯಸಿದರೆ ಅಲ್ಲಿನ ಸಮುದಾಯ ಕಾಲೇಜಿನಲ್ಲಿ ಎರಡು ವರ್ಷ ಓದುವುದೇ ನೇರವಾದ ದಾರಿ. ಬ್ರಿಟನ್ನಿನಲ್ಲಿ ವೃತ್ತಿ ಪರಿಷತ್ತಿನ ನೋಂದಣಿ ಕಡ್ಡಾಯ. ಕೊಲ್ಲಿ ರಾಷ್ಟ್ರಗಳಲ್ಲಿ ಪ್ರಮಾಣಪತ್ರದ ಮೂಲ ಪರಿಶೀಲನೆ ಮತ್ತು ಪರೀಕ್ಷೆ ಸಾಮಾನ್ಯ. ಮಾನ್ಯತೆಯಿಲ್ಲದ ಸಂಸ್ಥೆಯ ಪತ್ರ ಆ ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ.

ಸೇರುವ ಮುನ್ನ ವಿಚಾರಿಸಬೇಕಾದುವು

1. ಕೋರ್ಸಿನ ಪೂರ್ಣ ಹೆಸರು, ಅವಧಿ, ಒಟ್ಟು ಗಂಟೆಗಳೆಷ್ಟು? ಪ್ರಮಾಣಪತ್ರದ ಮೇಲೆ ಯಾವ ಮಂಡಳಿಯ ಅಥವಾ ವಿಶ್ವವಿದ್ಯಾಲಯದ ಮುದ್ರೆ ಇರುತ್ತದೆ?

2. ಆ ವರ್ಷದ ಮಾನ್ಯತೆ ಪಡೆದ ಕಾಲೇಜುಗಳ ಅಧಿಕೃತ ಪಟ್ಟಿಯಲ್ಲಿ ಸಂಸ್ಥೆಯ ಹೆಸರಿದೆಯೇ? ಹಳೆಯ ವರ್ಷದ ಪತ್ರ ತೋರಿಸಿದರೆ ಸಾಲದು.

3. ತರಬೇತಿಯ ಆಸ್ಪತ್ರೆ ಯಾವುದು? ಅದರೊಡನೆ ಲಿಖಿತ ಒಪ್ಪಂದವಿದೆಯೇ? ಅಲ್ಲಿ ಸಿ.ಟಿ., ಎಂ.ಆರ್.ಐ. ಇವೆಯೇ?

4. ಆ ಆಸ್ಪತ್ರೆಯ ಯಂತ್ರಗಳಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇದೆಯೇ? ತರಬೇತಿಯ ಕಾಲದಲ್ಲಿ ಬ್ಯಾಡ್ಜ್ ಸಿಗುತ್ತದೆಯೇ?

5. ಹಿಂದಿನ ತಂಡದ ವಿದ್ಯಾರ್ಥಿಗಳು ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಅವರಲ್ಲಿ ಇಬ್ಬರೊಡನೆಯಾದರೂ ಮಾತನಾಡಲು ಸಾಧ್ಯವೇ?

6. ಮೂಲ ಅಂಕಪಟ್ಟಿಗಳನ್ನು ಸಂಸ್ಥೆಯಲ್ಲಿಯೇ ಇರಿಸಿಕೊಳ್ಳುತ್ತಾರೆಯೇ? ನಡುವೆ ಬಿಟ್ಟರೆ ಶುಲ್ಕದ ಗತಿಯೇನು?

ಇದೇ ಪಟ್ಟಿಯ ಮೊದಲ ನಾಲ್ಕು ಪ್ರಶ್ನೆಗಳು ತಂತ್ರಜ್ಞರನ್ನು ನೇಮಿಸಿಕೊಳ್ಳುವ ಮಾಲೀಕರಿಗೂ ಒದಗುತ್ತವೆ. ಸಂದರ್ಶನಕ್ಕೆ ಬಂದವರ ಪ್ರಮಾಣಪತ್ರದ ನಕಲನ್ನಷ್ಟೇ ನೋಡದೆ, ಅದನ್ನು ನೀಡಿದ ಮಂಡಳಿಯಲ್ಲಿ ವಿಚಾರಿಸಿಕೊಳ್ಳುವುದಕ್ಕೆ ತಗಲುವ ಖರ್ಚು ಅತ್ಯಲ್ಪ. ಗುಣಮಟ್ಟದ ಸರಕು ಬೇಕೆಂಬ ವ್ಯಾಪಾರಿ ಅದು ಎಲ್ಲಿಂದ ಬಂತೆಂದು ಮೊದಲು ಕೇಳುತ್ತಾನೆ. ಮನುಷ್ಯರ ಮೈಮೇಲೆ ಕಿರಣ ಹಾಯಿಸುವ ಕೆಲಸದಲ್ಲಿ ಆ ಎಚ್ಚರ ಇನ್ನೂ ಹೆಚ್ಚಿರಬೇಕು.

ಸ್ಥಳೀಯ ರೋಗನಿದಾನ ಕೇಂದ್ರಗಳು ತಮ್ಮ ಸಮೀಪದ ಮಾನ್ಯ ಕಾಲೇಜಿನೊಡನೆ ಸಂಪರ್ಕ ಇಟ್ಟುಕೊಂಡು, ಕೊನೆಯ ವರ್ಷದ ಒಬ್ಬಿಬ್ಬರು ವಿದ್ಯಾರ್ಥಿಗಳಿಗೆ ನಿಯಮಬದ್ಧವಾಗಿ ತರಬೇತಿಯ ಅವಕಾಶ ನೀಡಿದರೆ ಎರಡೂ ಕಡೆಗೆ ಲಾಭವಿದೆ. ಅದು ಬಡಾವಣೆಯ ಯುವಕ ಯುವತಿಯರಿಗೆ ಕಲಿಕೆಯಾಗುತ್ತದೆ. ಮಾಲೀಕರಿಗೆ ನಾಳೆ ನೇಮಿಸಿಕೊಳ್ಳಬೇಕಾದವರ ಕೈಯ ಪಳಗಿಕೆಯನ್ನು ಇಂದೇ ಕಣ್ಣಾರೆ ಕಂಡಂತಾಗುತ್ತದೆ. ಯಂತ್ರಕ್ಕೆ ಮುಂಗಡ ಕಟ್ಟುವ ಮೊದಲೇ ತಂತ್ರಜ್ಞರ ವಿಷಯ ಇತ್ಯರ್ಥವಾಗಿದ್ದರೆ ಈ ಉದ್ಯಮದ ತೊಡಕುಗಳಲ್ಲಿ ದೊಡ್ಡದೊಂದು ಆರಂಭದಲ್ಲಿಯೇ ಬಗೆಹರಿದಂತೆ.